ದುಡಿಮೆಯ ಫಲ ಯಾರದು?

ನಮ್ಮ ಮನೆಗಳಲ್ಲಿ ಎರಡು ಮಾತುಗಳು ದಿನನಿತ್ಯವೂ ಕಿವಿಗೆ ಬೀಳುತ್ತವೆ. ಒಂದು, “ಎಲ್ಲವೂ ಹಣೆಬರಹ” ಎಂಬುದು. ಇನ್ನೊಂದು, “ಮಾಡಿದ್ದುಣ್ಣೋ ಮಹರಾಯ” ಎಂಬುದು. ಮೊದಲನೆಯದು ಮನುಷ್ಯನ ಕೈಯಲ್ಲಿ ಏನೂ ಇಲ್ಲವೆನ್ನುತ್ತದೆ. ಎರಡನೆಯದು ಎಲ್ಲವೂ ಅವನ ಕೈಯಲ್ಲಿಯೇ ಇದೆಯೆನ್ನುತ್ತದೆ. ಒಂದಕ್ಕೊಂದು ತದ್ವಿರುದ್ಧವಾದ ಈ ಎರಡು ಮಾತುಗಳನ್ನೂ ಒಂದೇ ನಾಲಗೆ, ಒಂದೇ ದಿನದಲ್ಲಿ, ಯಾವ ಸಂಕೋಚವೂ ಇಲ್ಲದೆ ಆಡುತ್ತದೆ.

ಯಾವ ಸಂದರ್ಭದಲ್ಲಿ ಯಾವ ಮಾತನ್ನು ಆಡುತ್ತೇವೆ ಎಂಬುದನ್ನು ತುಸು ಗಮನಿಸಬೇಕು. ನಮ್ಮ ಮಗ ಪರೀಕ್ಷೆಯಲ್ಲಿ ಉನ್ನತ ದರ್ಜೆಯನ್ನು ಪಡೆದರೆ ಅದು ಅವನ ಪರಿಶ್ರಮ, ಅನುತ್ತೀರ್ಣನಾದರೆ ಗ್ರಹಚಾರ. ನೆರೆಮನೆಯವನ ತೋಟ ಹುಲುಸಾಗಿ ಬೆಳೆದರೆ ಅದು ಅವನ ಅದೃಷ್ಟ. ಒಣಗಿದರೆ ಅವನು ಮಾಡಿದ ಕರ್ಮ. ಹೀಗೆ ನಮ್ಮ ಏಳಿಗೆಗೆ ನಾವೇ ಕಾರಣರು, ನಮ್ಮ ಸೋಲಿಗೆ ವಿಧಿ ಕಾರಣ. ಇತರರ ಏಳಿಗೆಗೆ ವಿಧಿ ಕಾರಣ, ಅವರ ಸೋಲಿಗೆ ಅವರೇ ಕಾರಣರು. ಕೊಳ್ಳುವಾಗ ಒಂದು ಸೇರು, ಅಳೆದು ಕೊಡುವಾಗ ಇನ್ನೊಂದು ಸೇರು ಇಟ್ಟುಕೊಂಡ ವ್ಯಾಪಾರಿಯನ್ನು ನಾವು ವಂಚಕನೆನ್ನುತ್ತೇವೆ. ಬದುಕನ್ನು ಅಳೆಯುವಲ್ಲಿ ನಾವೂ ಅದನ್ನೇ ಮಾಡುತ್ತಿದ್ದೇವಲ್ಲವೆ? ಮನುಷ್ಯನ ಸ್ಥಿತಿಗತಿಗಳಿಗೆ ಅವನ ಪ್ರಯತ್ನ ಎಷ್ಟರಮಟ್ಟಿಗೆ ಕಾರಣ ಎಂಬ ಪ್ರಶ್ನೆಯನ್ನು ಈ ಸಂಚಿಕೆಯಲ್ಲಿ ಪ್ರಾಮಾಣಿಕವಾಗಿ ವಿಚಾರ ಮಾಡೋಣ.

ವಿಧಿಯ ಮೇಲೆ ಭಾರ ಹಾಕಿ ಕೈಕಟ್ಟಿ ಕುಳಿತುಕೊಳ್ಳುವುದು ಶರಣರ ಮಾರ್ಗವಲ್ಲ ಎಂಬುದರಲ್ಲಿ ಸಂಶಯವಿಲ್ಲ. 12ನೆಯ ಶತಮಾನದಲ್ಲಿ ಕಲ್ಯಾಣದಲ್ಲಿ ನೆರೆದವರು ಹುಟ್ಟಿನಿಂದ ಮನುಷ್ಯನ ಯೋಗ್ಯತೆಯನ್ನು ಅಳೆಯುವುದನ್ನು ಒಪ್ಪಲಿಲ್ಲ. ಮಡಿವಾಳ, ಅಂಬಿಗ, ಸಮಗಾರ, ಹಡಪದ ಎಂಬ ಭೇದವೆಣಿಸದೆ ಕಾಯಕವನ್ನೇ ಗೌರವದ ಅಳತೆಗೋಲಾಗಿ ಇಟ್ಟರು. ಹುಲ್ಲಿನಿಂದ ಹಗ್ಗ ಹೊಸೆದು ಮಾರುತ್ತಿದ್ದ ನುಲಿಯ ಚಂದಯ್ಯನ ನೆನಪು ನಮ್ಮ ಹೊಳಲ್ಕೆರೆ ತಾಲ್ಲೂಕಿನ ನುಲೇನೂರಿನಲ್ಲಿ ಇಂದಿಗೂ ಜೀವಂತವಾಗಿದೆ. ಹುಲ್ಲು ಕೊಯ್ಯುವಾಗ ಕಳಚಿ ನೀರಿಗೆ ಬಿದ್ದ ಇಷ್ಟಲಿಂಗವನ್ನೂ ಆತ ಕಾಯಕಕ್ಕೆ ಹಚ್ಚಿದನೆಂಬ ಐತಿಹ್ಯವನ್ನು ಹಿರಿಯರು ಹೇಳುತ್ತಾರೆ. ದೇವರಿಗೇ ದುಡಿಮೆಯಿಂದ ವಿನಾಯಿತಿ ಇಲ್ಲವೆಂದ ಮೇಲೆ ಭಕ್ತನಿಗೆ ಎಲ್ಲಿಯದು? ಆದುದರಿಂದ ದುಡಿಯಬೇಕೆ, ಬೇಡವೆ ಎಂಬುದು ನಮ್ಮ ಮುಂದಿರುವ ಪ್ರಶ್ನೆಯೇ ಅಲ್ಲ. ದುಡಿದವನಿಗೆಲ್ಲ ಫಲ ದೊರೆಯುತ್ತದೆಯೆ? ಫಲ ದೊರೆತವನು ಅದೆಲ್ಲವೂ ತನ್ನ ದುಡಿಮೆಯದೇ ಎನ್ನಬಹುದೆ? ಪ್ರಶ್ನೆ ಇರುವುದು ಇಲ್ಲಿ.

ಇದಕ್ಕೆ ಉತ್ತರವನ್ನು ದೂರದ ಗ್ರಂಥಗಳಲ್ಲಿ ಹುಡುಕಬೇಕಾಗಿಲ್ಲ. ನಮ್ಮ ದುರ್ಗದ ಸೀಮೆಯನ್ನೇ ನೋಡಿದರೆ ಸಾಕು. ಚಿತ್ರದುರ್ಗ ಜಿಲ್ಲೆಯಲ್ಲಿ ವರ್ಷಕ್ಕೆ ಬೀಳುವ ಸರಾಸರಿ ಮಳೆ 600 ಮಿಲಿಮೀಟರಿಗಿಂತ ಕಡಿಮೆ. ಶಿವಮೊಗ್ಗ ಜಿಲ್ಲೆಯ ಆಗುಂಬೆಯಲ್ಲಿ ಅದು 7,000 ಮಿಲಿಮೀಟರನ್ನು ಮೀರುತ್ತದೆ. ಆಗುಂಬೆಯ ರೈತನು ಹಿರಿಯೂರಿನ ರೈತನಿಗಿಂತ ಹತ್ತು ಪಟ್ಟು ಹೆಚ್ಚು ಪುಣ್ಯ ಮಾಡಿದ್ದಾನೆಂದು ಯಾರಾದರೂ ಹೇಳುವರೆ? ಮೋಡಗಳು ಪಶ್ಚಿಮ ಘಟ್ಟಕ್ಕೆ ತಾಗಿ ಅಲ್ಲಿಯೇ ನೀರು ಸುರಿಸಿ, ಬರಿದಾಗಿ ನಮ್ಮ ಕಡೆಗೆ ಬರುತ್ತವೆ. ಇದು ಭೂಮಿಯ ರಚನೆಯೇ ಹೊರತು ಯಾರ ಪಾಪಪುಣ್ಯದ ಲೆಕ್ಕವೂ ಅಲ್ಲ.

ಹಿರಿಯೂರು ತಾಲ್ಲೂಕಿನ ಮಾರಿಕಣಿವೆಯ ವಿಷಯವನ್ನು ತೆಗೆದುಕೊಳ್ಳೋಣ. ಎರಡು ಗುಡ್ಡಗಳ ನಡುವೆ ಹರಿಯುತ್ತಿದ್ದ ವೇದಾವತಿಗೆ ಅಡ್ಡಲಾಗಿ 1898ರಲ್ಲಿ ಕಟ್ಟಲಾರಂಭಿಸಿದ ಅಣೆಕಟ್ಟು 1907ರಲ್ಲಿ ಮುಗಿಯಿತು. ಆರಂಭದ ಕಾಲದಲ್ಲಿ ಮೈಸೂರು ಸಂಸ್ಥಾನದ ಆಡಳಿತವನ್ನು ನೋಡಿಕೊಳ್ಳುತ್ತಿದ್ದ ಮಹಾರಾಣಿ ವಾಣಿವಿಲಾಸ ಸನ್ನಿಧಾನದವರ ಹೆಸರನ್ನೇ ಜಲಾಶಯಕ್ಕೆ ಇಡಲಾಯಿತು. ಸುಮಾರು 30 ಟಿ.ಎಂ.ಸಿ. ನೀರನ್ನು ಹಿಡಿಯಬಲ್ಲ ಈ ಜಲಾಶಯದ ನಾಲೆಗಳಿಂದ ಹಿರಿಯೂರಿನ ಅಚ್ಚುಕಟ್ಟಿನಲ್ಲಿ ತೆಂಗು ಬೆಳೆಯಿತು, ಅಡಿಕೆ ಬೆಳೆಯಿತು, ಭತ್ತ ಬೆಳೆಯಿತು. ನಾಲೆಯ ಕೆಳಗಿನ ಹೊಲದವನು ತೋಟದ ಯಜಮಾನನಾದನು. ನಾಲೆಯ ಮೇಲಿನ ಹೊಲದವನು ಶೇಂಗಾ ಬಿತ್ತಿ ಮುಗಿಲನ್ನು ನೋಡುತ್ತ ಉಳಿದನು. ಇಬ್ಬರೂ ಬೆಳಗಿನ ಜಾವಕ್ಕೆ ಎದ್ದವರೇ, ಇಬ್ಬರ ಎತ್ತುಗಳೂ ದಣಿದವೇ. ಇಬ್ಬರ ನಡುವೆ ಇದ್ದದ್ದು ಒಂದು ನಾಲೆಯ ಅಂತರ. ಅದನ್ನು ತೋಡಿದವರು ಅವರಿಬ್ಬರೂ ಅಲ್ಲ. “ಕೈ ಕೆಸರಾದರೆ ಬಾಯಿ ಮೊಸರು” ಎಂಬ ಗಾದೆ ಸತ್ಯವೇ. ಆದರೆ ಕೆಸರಾಗುವುದಕ್ಕೂ ನೀರು ಬೇಕಷ್ಟೆ!

ಹಾಗೆಂದು ನಾಲೆಯ ಕೆಳಗಿನವನಾದರೂ ನಿಶ್ಚಿಂತನೆ? 1933ರಲ್ಲಿ ತುಂಬಿ ಕೋಡಿ ಹರಿದ ಆ ಜಲಾಶಯ ಮತ್ತೆ ಕೋಡಿ ಹರಿದದ್ದು 89 ವರ್ಷಗಳ ನಂತರ, 2022ರ ಸೆಪ್ಟೆಂಬರಿನಲ್ಲಿ. ನಡುವಿನ ಎಷ್ಟೋ ವರ್ಷಗಳಲ್ಲಿ ನೀರು ತಳ ಸೇರಿತ್ತು. 2010ರ ದಶಕದ ಬರಗಾಲಗಳಲ್ಲಿ ಹಿರಿಯೂರು, ಹೊಸದುರ್ಗ ತಾಲ್ಲೂಕುಗಳಲ್ಲಿ ತಲೆಮಾರಿನಿಂದ ಬೆಳೆಸಿದ ತೆಂಗಿನ ಮರಗಳು ಸುಳಿ ಒಣಗಿ ನಿಂತವು. ಅಡಿಕೆಯನ್ನು ಉಳಿಸಿಕೊಳ್ಳಲು ಟ್ಯಾಂಕರಿನಲ್ಲಿ ನೀರು ಕೊಂಡು ಹಾಕಿ ಸಾಲಗಾರರಾದವರು ಹೊಳಲ್ಕೆರೆಯ ಕಡೆಯಲ್ಲಿಯೂ ಇದ್ದಾರೆ. ಅವರೇನು ಸೋಮಾರಿಗಳಾಗಿದ್ದರೆ? ಇನ್ನು 2022ರಲ್ಲಿ ಜಲಾಶಯ ತುಂಬಿದಾಗ ಹಿರಿಯೂರಿನವರು ಬಾಗಿನ ಅರ್ಪಿಸಿ ಸಂಭ್ರಮಪಟ್ಟರು. ಅದೇ ನೀರಿನ ಹಿನ್ನೀರು ಹೊಸದುರ್ಗ ತಾಲ್ಲೂಕಿನ ಹಳ್ಳಿಗಳ ಹೊಲ ತೋಟಗಳಿಗೆ ನುಗ್ಗಿತು. ಒಂದೇ ಮಳೆ, ಒಂದೇ ನದಿ. ಒಬ್ಬನ ಪಾಲಿಗೆ ಅದು ಭಾಗ್ಯ, ಇನ್ನೊಬ್ಬನ ಪಾಲಿಗೆ ನಷ್ಟ. ಇಲ್ಲಿ ಯಾರ ಪ್ರಯತ್ನವನ್ನು ಹೊಗಳುವುದು, ಯಾರ ಕರ್ಮವನ್ನು ಹಳಿಯುವುದು?

ಹಾಗಾದರೆ ಮನುಷ್ಯನ ಆಯ್ಕೆಗೆ ಬೆಲೆಯೇ ಇಲ್ಲವೆ ಎಂದು ಕೇಳಬಹುದು. ಖಂಡಿತವಾಗಿಯೂ ಇದೆ. ಒಣಭೂಮಿಗೆ ಒಗ್ಗುವ ಸಾವೆ, ರಾಗಿ, ನವಣೆಗಳನ್ನು ಬಿಟ್ಟು, ಮಾರುಕಟ್ಟೆಯ ದರವನ್ನು ಕಂಡು ಅಡಿಕೆ ಸಸಿಗಳನ್ನು ನೆಟ್ಟದ್ದು ನಮ್ಮ ಆಯ್ಕೆಯೇ. ಒಂದು ಕೊಳವೆಬಾವಿ ಬತ್ತಿದೊಡನೆ ಇನ್ನೊಂದು, ಅದೂ ಬತ್ತಿದರೆ ಮತ್ತೊಂದು ಎಂದು ಭೂಮಿಯನ್ನು ಕೊರೆಯಿಸಿದ್ದು ನಮ್ಮ ಆಯ್ಕೆಯೇ. ಹಾಸಿಗೆ ಇದ್ದಷ್ಟು ಕಾಲು ಚಾಚದೆ, ಮಗಳ ಮದುವೆಯನ್ನು ಸಾಲ ತಂದು ಸಾವಿರಾರು ಜನರ ಮುಂದೆ ಮೆರೆಸಿದ್ದೂ ನಮ್ಮ ಆಯ್ಕೆಯೇ. ಕುಡಿತಕ್ಕೆ, ಜೂಜಿಗೆ ಮನೆ ಹಾಳಾದಾಗ ಮಳೆಯನ್ನು ದೂರಿ ಫಲವಿಲ್ಲ.

ಆದರೆ ಇಲ್ಲಿಯೂ ಸೂಕ್ಷ್ಮವೊಂದಿದೆ. ಒಬ್ಬನು ತನ್ನ ಹೊಲದಲ್ಲಿ ಐನೂರು ಅಡಿ ಕೊರೆಯಿಸಿದರೆ ಪಕ್ಕದವನ ಇನ್ನೂರು ಅಡಿಯ ಬಾವಿ ಬತ್ತುತ್ತದೆ. ಬತ್ತಿದ ಬಾವಿಯ ಯಜಮಾನನು ಯಾವ ತಪ್ಪನ್ನೂ ಮಾಡಿರುವುದಿಲ್ಲ. ಮೇಲೆ ಬೇಲಿ ಹಾಕಬಹುದು, ಕೆಳಗಿನ ಅಂತರ್ಜಲಕ್ಕೆ ಬೇಲಿಯಿಲ್ಲ. ಹಾಗೆಯೇ ಒಂದು ಮನೆಯವರು ಅದ್ಧೂರಿಯಾಗಿ ಮದುವೆ ಮಾಡಿದರೆ ಬೀದಿಯ ಹತ್ತು ಮನೆಗಳಿಗೆ ಅದೇ ಕಟ್ಟಳೆಯಾಗುತ್ತದೆ. ಉಳ್ಳವರ ಆಯ್ಕೆ ಇಲ್ಲದವರಿಗೆ ಹೊರೆಯಾಗಿ ಪರಿಣಮಿಸುತ್ತದೆ. ಹೀಗಾಗಿ “ಅವನ ಆಯ್ಕೆ, ಅವನ ಫಲ” ಎಂದು ಸುಲಭವಾಗಿ ಗೆರೆ ಎಳೆಯಲು ಬರುವುದಿಲ್ಲ. ಒಬ್ಬನ ಬಾಳಿನಲ್ಲಿ ಹತ್ತು ಜನರ ಆಯ್ಕೆಗಳು ಹೆಣೆದುಕೊಂಡಿರುತ್ತವೆ.

ಸ್ವಪ್ರಯತ್ನದಿಂದ ಮೇಲೆ ಬಂದವರೆಂದು ನಾವು ಮಕ್ಕಳಿಗೆ ತೋರಿಸಿಕೊಡುವ ಮಹನೀಯರ ಜೀವನವನ್ನೂ ಇದೇ ದೃಷ್ಟಿಯಿಂದ ಪರಿಶೀಲಿಸಬಹುದು. ಏಕೀಕೃತ ಮೈಸೂರು ರಾಜ್ಯದ ಮೊದಲ ಮುಖ್ಯಮಂತ್ರಿಗಳಾಗಿದ್ದ ಎಸ್. ನಿಜಲಿಂಗಪ್ಪನವರು 1902ರಲ್ಲಿ ಹಲುವಾಗಲಿನಲ್ಲಿ ಜನಿಸಿದರು. ಮುತ್ತಜ್ಜನ ಕಾಲದಲ್ಲಿದ್ದ ಸಂಪತ್ತನ್ನು ಆತನ ಮಕ್ಕಳು ಹಂಚಿಕೊಂಡು ಬಹುಪಾಲು ಜೂಜಿನಲ್ಲಿ ಕಳೆದರೆಂದು ಅವರೇ ಹೇಳಿಕೊಂಡಿದ್ದಾರೆ. ಐದು ವರ್ಷದ ಬಾಲಕನಾಗಿದ್ದಾಗ ತಂದೆಯೂ ತೀರಿಕೊಂಡರು. ಆ ಬಾಲಕನ ಬಡತನಕ್ಕೆ ಆತನ ಯಾವ ಆಯ್ಕೆ ಕಾರಣ? ಅಜ್ಜಂದಿರು ಎಸೆದ ದಾಳದ ಫಲವನ್ನು ಮೊಮ್ಮಗ ಉಣ್ಣಬೇಕಾಯಿತು. ಮುಂದೆ ಆ ಬಾಲಕ ದಾವಣಗೆರೆ, ಚಿತ್ರದುರ್ಗಗಳಲ್ಲಿ ಓದಿ, 1924ರಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಿಂದ ಪದವೀಧರನಾಗಿ, 1926ರಲ್ಲಿ ಪುಣೆಯಲ್ಲಿ ಕಾನೂನು ಪದವಿ ಪಡೆದು, ದುರ್ಗದಲ್ಲಿ ವಕೀಲಿಕೆಯನ್ನು ಆರಂಭಿಸಿದ್ದು ನಿಸ್ಸಂದೇಹವಾಗಿ ಛಲದ ಫಲ. ಆದರೆ ಛಲ ಹಿಡಿದು ಹತ್ತಲು ಮೆಟ್ಟಿಲೂ ಇರಬೇಕು. ಅಕ್ಷರ ಕಲಿಸಿದ ಗುರುಗಳು, ಊರಿನಲ್ಲಿದ್ದ ಪ್ರೌಢಶಾಲೆ, ಸಂಸ್ಥಾನ ತೆರೆದಿದ್ದ ಕಾಲೇಜು, ಇವು ಆ ಮೆಟ್ಟಿಲುಗಳು. ಅಷ್ಟೇ ಬುದ್ಧಿ, ಅಷ್ಟೇ ಛಲ ಇದ್ದ ಎಷ್ಟು ಹುಡುಗರು ಶಾಲೆಯಿಲ್ಲದ ಹಳ್ಳಿಗಳಲ್ಲಿ ದನ ಕಾಯುತ್ತ ಕಾಲ ಕಳೆದರೋ ಲೆಕ್ಕವಿಟ್ಟವರಿಲ್ಲ.

ಆ ಮೆಟ್ಟಿಲುಗಳ ಬೆಲೆಯನ್ನು ಅರಿತ ಹಿರಿಯರು ನಮ್ಮಲ್ಲಿ ಇದ್ದರು. ಹೊಳಲ್ಕೆರೆ ತಾಲ್ಲೂಕಿನ ಮುತ್ತುಗದೂರಿನಲ್ಲಿ 1914ರಲ್ಲಿ ಜನಿಸಿ, 1940ರಲ್ಲಿ ಸಿರಿಗೆರೆಯ ತರಳಬಾಳು ಪೀಠವನ್ನೇರಿ, 1992ರಲ್ಲಿ ಲಿಂಗೈಕ್ಯರಾದ ಶ್ರೀ ಶಿವಕುಮಾರ ಶಿವಾಚಾರ್ಯ ಮಹಾಸ್ವಾಮಿಗಳವರು ಹಳ್ಳಿಗಳಲ್ಲಿ ಶಾಲೆಗಳನ್ನೂ ವಿದ್ಯಾರ್ಥಿನಿಲಯಗಳನ್ನೂ ತೆರೆದರು. ಅದಕ್ಕೂ ಮೊದಲು ಚಿತ್ರದುರ್ಗದ ಬೃಹನ್ಮಠದ ಶ್ರೀ ಜಯದೇವ ಮುರುಘರಾಜೇಂದ್ರ ಸ್ವಾಮಿಗಳು ವಿದ್ಯಾರ್ಥಿನಿಲಯಗಳಿಗೆ ನೀಡಿದ ಆಶ್ರಯ ನಾಡಿಗೇ ತಿಳಿದಿದೆ. ಹಳ್ಳಿಯ ಭಕ್ತರು ಕಣದಲ್ಲಿ ರಾಶಿ ಮಾಡಿ, ಮನೆಗೆ ಒಯ್ಯುವ ಮೊದಲು ಮಠಕ್ಕೆಂದು ಎತ್ತಿಟ್ಟ ಜೋಳ, ರಾಗಿಗಳಿಂದ ಅಲ್ಲಿನ ಒಲೆಗಳು ಉರಿದವು. ಆ ಮುದ್ದೆಯನ್ನುಂಡು ಓದಿ ಇಂಜಿನಿಯರ್, ವೈದ್ಯ, ಅಧಿಕಾರಿಯಾದವರು ನಮ್ಮ ಮನೆಮನೆಗಳಲ್ಲಿಯೂ ಇದ್ದಾರೆ. ಅಂಥವರಲ್ಲಿ ಕೆಲವರು “ನಾನು ಯಾರ ಹಂಗಿನಲ್ಲಿಯೂ ಬೆಳೆದವನಲ್ಲ” ಎಂದು ಎದೆಯುಬ್ಬಿಸಿ ನುಡಿಯುವುದನ್ನು ಕೇಳಿದಾಗ, ಹೆಸರಿಲ್ಲದೆ ಹೋದ ಆ ರಾಗಿಯ ರೈತನ ನೆನಪಾಗುತ್ತದೆ.

ಇನ್ನೂ ಒಂದು ಕಹಿಯಾದ ಸತ್ಯವನ್ನು ಹೇಳಬೇಕು. ಹೊಲ, ಮನೆ, ಊರಿನಲ್ಲಿ ಮರ್ಯಾದೆ ಇವುಗಳನ್ನು ನಮ್ಮಲ್ಲಿ ಅನೇಕರು ಹುಟ್ಟಿನಿಂದಲೇ ಪಡೆದವರು. 1974ರಲ್ಲಿ ಕರ್ನಾಟಕದ ಭೂಸುಧಾರಣಾ ಕಾಯಿದೆಗೆ ತಿದ್ದುಪಡಿಯಾದಾಗ ಗೇಣಿ ಮಾಡುತ್ತಿದ್ದವನು ಭೂನ್ಯಾಯಮಂಡಳಿಗೆ ಅರ್ಜಿ ಹಾಕಿ ಒಡೆಯನಾಗಲು ಅವಕಾಶವಾಯಿತು. ಆದರೆ ಅದೇ ಹೊಲದಲ್ಲಿ ತಲೆಮಾರುಗಳಿಂದ ಕೂಲಿಗೆ ಕಳೆ ತೆಗೆದವನಿಗೆ, ಗೇಣಿದಾರನಲ್ಲವಾದ್ದರಿಂದ, ಆ ಭೂಮಿಯ ಮೇಲೆ ಹಕ್ಕು ಬರಲಿಲ್ಲ. ಬೆವರಿನ ಲೆಕ್ಕದಲ್ಲಿ ಅವನದೇನೂ ಕಡಿಮೆಯಿರಲಿಲ್ಲ. ಊರ ಬಾವಿಯ ನೀರು ಸೇದಲು, ಶಾಲೆಯ ಜಗಲಿ ಏರಲು ಅಡ್ಡಿಯಿದ್ದ ಕೇರಿಯ ಮಗುವಿಗೆ “ಕಷ್ಟಪಟ್ಟಿದ್ದರೆ ನೀನೂ ಮೇಲೆ ಬರಬಹುದಾಗಿತ್ತು” ಎಂದು ಉಪದೇಶ ಮಾಡುವ ಅಧಿಕಾರ ಯಾರಿಗಿದೆ? ಬಾಗಿಲಿಗೆ ಅಗಳಿ ಹಾಕಿ, ಒಳಗೆ ಬರಲಿಲ್ಲವೆಂದು ದೂರುವುದು ನ್ಯಾಯವಲ್ಲ. ಹುಟ್ಟಿನ ಕಟ್ಟನ್ನು ಮುರಿಯಲೆಂದೇ ನಡೆದ ಚಳವಳಿಯ ವಾರಸುದಾರರು ನಾವು. ಇತರರ ಬಡತನಕ್ಕೆ ಅವರ ಕರ್ಮವೇ ಕಾರಣವೆಂದು ನುಡಿದರೆ, ಅವರು ಮುರಿದದ್ದನ್ನೇ ನಾವು ಮತ್ತೆ ಕಟ್ಟಿದಂತಾಗುತ್ತದೆ.

ಹೊರಗಿನ ಮಾತು ಹಾಗಿರಲಿ, ಮನೆಯ ಒಳಗೆ ನೋಡೋಣ. ಸೊಸೆ ಬಂದ ವರ್ಷ ಮನೆಯಲ್ಲಿ ಸಾವು ಸಂಭವಿಸಿದರೆ ಅವಳ ಕಾಲ್ಗುಣ ಸರಿಯಿಲ್ಲವೆನ್ನುತ್ತಾರೆ. ಎಳೆಯ ವಯಸ್ಸಿನಲ್ಲಿ ಗಂಡನನ್ನು ಕಳೆದುಕೊಂಡ ಹೆಣ್ಣುಮಗಳಿಗೆ “ಅವಳು ಪಡೆದುಕೊಂಡು ಬಂದದ್ದೇ ಅಷ್ಟು” ಎನ್ನುತ್ತಾರೆ. ಮಕ್ಕಳಾಗದಿದ್ದರೆ ಹಿಂದಿನ ಜನ್ಮದ ಪಾಪವೆನ್ನುತ್ತಾರೆ. ಹೃದಯಾಘಾತಕ್ಕೂ ಅಪಘಾತಕ್ಕೂ ಕಾರಣಗಳಿವೆ, ಅವುಗಳಲ್ಲಿ ಆ ಹೆಣ್ಣಿನ ಪಾಲು ಎಳ್ಳಷ್ಟೂ ಇಲ್ಲ. ದುಃಖದಲ್ಲಿರುವವಳ ಮೇಲೆ ಅಪರಾಧದ ಹೊರೆಯನ್ನೂ ಹೊರಿಸುವ ಈ ಮಾತುಗಳನ್ನು ಆಡುವವರು ಬಹಳಷ್ಟು ವೇಳೆ ಮನೆಯ ಹಿರಿಯ ಹೆಂಗಸರೇ ಎಂಬುದು ವ್ಯಸನದ ಸಂಗತಿ. ತಾಯಂದಿರು ದಯವಿಟ್ಟು ಇದನ್ನು ಮನಸ್ಸಿಟ್ಟು ಯೋಚಿಸಬೇಕು.

ಪಾಶ್ಚಾತ್ಯರಲ್ಲಿಯೂ ಈ ಪ್ರಶ್ನೆ ಹುಟ್ಟಿತ್ತು. ಜರ್ಮನಿಯ ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೇಬರ್ 1904-05ರಲ್ಲಿ ಪ್ರಕಟಿಸಿದ ತನ್ನ ಪ್ರಸಿದ್ಧ ಪ್ರಬಂಧದಲ್ಲಿ, ಯೂರೋಪಿನ ಪ್ರಾಟೆಸ್ಟಂಟರಲ್ಲಿ ಕೆಲವು ಪಂಗಡದವರು ವೃತ್ತಿಯಲ್ಲಿನ ನಿಷ್ಠೆಯನ್ನೇ ಧರ್ಮವೆಂದು ತಿಳಿದರೆಂದೂ, ಕ್ರಮೇಣ ವೃತ್ತಿಯ ಯಶಸ್ಸನ್ನು ದೈವಕೃಪೆಯ ಗುರುತೆಂದು ಭಾವಿಸತೊಡಗಿದರೆಂದೂ ವಿವರಿಸಿದ್ದಾನೆ. ಈ ವೃತ್ತಿನಿಷ್ಠೆಯನ್ನು ನಮ್ಮ ಕಾಯಕ ತತ್ವದೊಂದಿಗೆ ಹೋಲಿಸಿದ ವಿದ್ವಾಂಸರು ಹಲವರಿದ್ದಾರೆ. ಹೋಲಿಕೆ ಒಪ್ಪತಕ್ಕದ್ದೇ. ಆದರೆ ಯಶಸ್ವಿಯಾದವನು ದೇವರಿಗೆ ಪ್ರಿಯನೆಂದಾದರೆ, ಸೋತವನು ದೇವರಿಗೂ ಬೇಡವಾದವನೆಂದಾಗುತ್ತದೆ. ಶರಣರು ಆ ಹಳ್ಳಕ್ಕೆ ಬೀಳಲಿಲ್ಲ. ಅವರು ಕಾಯಕದ ಜೊತೆಗೆ ದಾಸೋಹವನ್ನು ಇಟ್ಟರು. ಕಾಯಕ ಮಾಡುವುದು ನನ್ನ ಹೊಣೆ, ಅದರ ಫಲ ನನ್ನೊಬ್ಬನದಲ್ಲ ಎಂಬುದೇ ದಾಸೋಹದ ತಿರುಳು. ದಾಸೋಹ ಉಳ್ಳವನು ಇಲ್ಲದವನಿಗೆ ತೋರುವ ಕರುಣೆಯಲ್ಲ, ಸಮಾಜದಿಂದ ಪಡೆದದ್ದನ್ನು ಸಮಾಜಕ್ಕೆ ಒಪ್ಪಿಸುವ ಕ್ರಮ.

ಆಯ್ದಕ್ಕಿ ಮಾರಯ್ಯನ ಕಥೆಯನ್ನು ನಮ್ಮ ಮಕ್ಕಳೂ ಬಲ್ಲರು. ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಅವನ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ ಮಡದಿ ಲಕ್ಕಮ್ಮ ಅದನ್ನು ಒಪ್ಪದೆ, ಹೆಚ್ಚಾದುದನ್ನು ಹಿಂದಿರುಗಿಸಿ ಬರಲು ಹೇಳಿದಳು. ಆ ಅಕ್ಕಿಯನ್ನು ಮಾರಯ್ಯ ಕದ್ದಿರಲಿಲ್ಲ, ಬೆನ್ನು ಬಗ್ಗಿಸಿಯೇ ಆಯ್ದಿದ್ದನು. ಆದರೂ ಬೆನ್ನು ಬಗ್ಗಿಸಿದ ಮಾತ್ರಕ್ಕೆ ಕೈಗೆ ಬಂದುದೆಲ್ಲ ತನ್ನದಾಗುವುದಿಲ್ಲವೆಂಬ ವಿವೇಕ ಆ ತಾಯಿಗಿತ್ತು.

ಇಲ್ಲಿ ಒಂದು ಆಕ್ಷೇಪಣೆ ಬರಬಹುದು. ಪರಿಸ್ಥಿತಿಯನ್ನು ಇಷ್ಟೊಂದು ಮುಂದೆ ಮಾಡಿದರೆ ಸೋಮಾರಿಗೆ ನೆಪ ಸಿಕ್ಕಂತಾಗುವುದಿಲ್ಲವೆ, ಮಕ್ಕಳು ಪುಸ್ತಕ ಮುಚ್ಚಿಟ್ಟು ಪರಿಸ್ಥಿತಿಯನ್ನು ದೂರುವುದಿಲ್ಲವೆ ಎಂದು. ಮಾತು ಸರಿಯೇ. ಅದಕ್ಕೆ ಪರಿಹಾರವೆಂದರೆ, ನಾವು ಈಗ ಬಳಸುತ್ತಿರುವ ಎರಡು ಸೇರುಗಳನ್ನು ಅದಲುಬದಲು ಮಾಡಿಕೊಳ್ಳುವುದು. ನಮ್ಮ ಸೋಲಿನ ಮುಂದೆ ನಿಂತಾಗ “ನಾನು ಮಾಡಬಹುದಾಗಿದ್ದು ಏನು ಉಳಿದಿದೆ?” ಎಂದು ಮೊದಲು ಕೇಳಿಕೊಳ್ಳಬೇಕು. ಇತರರ ಸೋಲಿನ ಮುಂದೆ ನಿಂತಾಗ “ಇವನಿಗೆ ಯಾವ ನೀರು ಸಿಗಲಿಲ್ಲ?” ಎಂದು ಮೊದಲು ಕೇಳಬೇಕು. ಗೆದ್ದಾಗ “ನನಗಾಗಿ ನಾಲೆ ತೋಡಿದವರು ಯಾರು?” ಎಂದು ನೆನೆಯಬೇಕು. ಮಕ್ಕಳಿಗೆ ಈ ಮೂರು ಪ್ರಶ್ನೆಗಳನ್ನೂ ಕಲಿಸಿದರೆ ಅವರು ಸೋಮಾರಿಗಳೂ ಆಗರು, ಅಹಂಕಾರಿಗಳೂ ಆಗರು.

ಕಾರ್ಯರೂಪದಲ್ಲಿ ಹೇಳುವುದಾದರೆ, ತೋಟ ಒಣಗಿ ಸಾಲಕ್ಕೆ ಸಿಕ್ಕ ನೆಂಟನ ಮನೆಗೆ ಹೋದಾಗ “ಇಷ್ಟು ಸಾಲ ಏಕೆ ಮಾಡಿದೆ?” ಎಂಬ ಮಾತನ್ನು ಮೊದಲು ಎತ್ತಬಾರದು. ಅಂಥ ಮನೆಗಳಲ್ಲಿ ಯಜಮಾನನು ಜೀವದ ಆಸೆಯನ್ನೇ ಬಿಡುವುದು ಸಾಲಕ್ಕಿಂತಲೂ ಹೆಚ್ಚಾಗಿ ನಾಲ್ಕು ಜನರ ನಾಲಗೆಗೆ ಅಂಜಿ. ಬ್ಯಾಂಕಿಗೆ ಅವನ ಜೊತೆಯಲ್ಲಿ ಹೋಗುವುದು, ಅವನ ಮಗಳ ಒಂದು ವರ್ಷದ ಶುಲ್ಕವನ್ನು ಸದ್ದಿಲ್ಲದೆ ತುಂಬುವುದು, ಇವು ನೂರು ಉಪದೇಶಗಳಿಗಿಂತ ಮೇಲು. ವಿದ್ಯಾರ್ಥಿನಿಲಯದಲ್ಲಿ ಉಂಡು ಬೆಳೆದವರು ವರ್ಷಕ್ಕೊಮ್ಮೆಯಾದರೂ ಅಲ್ಲಿಗೆ ಹೋಗಿ, ಒಬ್ಬ ಹುಡುಗನ ಊಟದ ವೆಚ್ಚವನ್ನು ವಹಿಸಿಕೊಳ್ಳಬಹುದು. ಆ ಹುಡುಗ ಯಾವ ಕೇರಿಯವನೆಂದು ವಿಚಾರಿಸದಿದ್ದರೆ ಇನ್ನೂ ಒಳ್ಳೆಯದು. ಮದುವೆಯ ಖರ್ಚನ್ನು ತಗ್ಗಿಸುವ ಕೆಲಸವನ್ನು ಶಕ್ತಿಯಿದ್ದವರೇ ಮೊದಲು ಮಾಡಿ ತೋರಿಸಬೇಕು. ಊರಿನ ಕೆರೆಯ ಹೂಳೆತ್ತುವಾಗ ತನ್ನ ಹೊಲಕ್ಕೆ ಆ ಕೆರೆಯ ನೀರು ಬಾರದಿದ್ದರೂ ಗುದ್ದಲಿ ಹಿಡಿದು ನಿಲ್ಲಬೇಕು.

ಮಾರಿಕಣಿವೆಗೆ ಕಲ್ಲು ಹೊತ್ತ ಕೂಲಿಗಳಲ್ಲಿ ಎಷ್ಟು ಜನ ಅದರ ನೀರಿನಿಂದ ಬೆಳೆದ ಎಳನೀರನ್ನು ಕುಡಿದರೋ ಯಾರೂ ಬರೆದಿಡಲಿಲ್ಲ. ಅವರು ಹೊತ್ತ ಕಲ್ಲಿನ ಮೇಲೆ ನಾಲ್ಕು ತಲೆಮಾರುಗಳ ಬದುಕು ನಿಂತಿದೆ. ಭದ್ರೆಯ ನೀರು ಅಜ್ಜಂಪುರದ ಸುರಂಗವನ್ನು ಹಾದು ಅದೇ ಜಲಾಶಯಕ್ಕೆ ಹರಿದು ಬಂದದ್ದೂ ಎಷ್ಟೋ ಜನರ ವರ್ಷಾನುಗಟ್ಟಲೆಯ ಹೋರಾಟದಿಂದಲೇ. ನಮ್ಮ ಸ್ಥಿತಿಗೆ ನಮ್ಮ ಪ್ರಯತ್ನ ಅರ್ಧ ಕಾರಣವಾದರೆ ಇನ್ನರ್ಧ ಇಂಥವರ ಪ್ರಯತ್ನ. ನಮ್ಮ ಅರ್ಧವನ್ನು ನಿಷ್ಠೆಯಿಂದ ಮಾಡೋಣ. ಇನ್ನೊಬ್ಬರ ಬಾಳಿನಲ್ಲಿ ಕೊರತೆಯಾಗಿರುವ ಆ ಇನ್ನರ್ಧವನ್ನು ಕೈಲಾದಷ್ಟು ತುಂಬಿಕೊಡೋಣ. ಅದು ನಮ್ಮಿಂದ ಆಗದಿದ್ದರೆ, ನೊಂದವರನ್ನು ಅವರ ಕರ್ಮವೆಂದು ಹಳಿಯದಿರುವಷ್ಟು ಸೌಜನ್ಯವನ್ನಾದರೂ ಉಳಿಸಿಕೊಳ್ಳೋಣ.